ಊದಿದವನ ಹೆಸರು: ಹರ್ಬರ್ಟ್ ಕ್ಲಾರ್ಕ್‌ನ ಕಾರ್ನೆಟ್ ಜೀವನ ಮತ್ತು ಕಡೂರು ಸೀಮೆಯ ವಾದ್ಯಪರಂಪರೆ

ಕನ್ನಡ ನಾಡಿನ ಶಾಸನಗಳನ್ನು ಓದುವವರಿಗೆ ‘ಸಮಧಿಗತ ಪಂಚಮಹಾಶಬ್ದ’ ಎಂಬ ಬಿರುದು ಅಪರಿಚಿತವಲ್ಲ. ಸಾಮಂತರೂ ಮಾಂಡಲಿಕರೂ ತಮ್ಮ ಹೆಸರಿನ ಮುಂದೆ ಇದನ್ನು ಧರಿಸುತ್ತಿದ್ದರು. ಐದು ಮಹಾವಾದ್ಯಗಳ ಧ್ವನಿಯನ್ನು ತನ್ನ ಮುಂದೆ ಮೊಳಗಿಸಿಕೊಳ್ಳುವ ಅಧಿಕಾರವನ್ನು ಪಡೆದವನು ಎಂಬುದು ಇದರ ಅರ್ಥ. ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ಯು ಈ ಐದನ್ನು ಶೃಂಗ, ತಮ್ಮಟ, ಶಂಖ, ಭೇರಿ, ಜಯಗಂಟೆ ಎಂದು ಎಣಿಸುತ್ತದೆ. ಇವುಗಳಲ್ಲಿ ಶೃಂಗ ಮತ್ತು ಶಂಖ ಊದುವ ವಾದ್ಯಗಳು. ಊದಲು ಉಸಿರು ಬೇಕು, ಉಸಿರಿಗೆ ಒಬ್ಬ ಮನುಷ್ಯ ಬೇಕು. ಆದರೆ ಶಾಸನದ ಕಲ್ಲಿನ ಮೇಲೆ ಉಳಿದಿರುವುದು ಯಾರಿಗಾಗಿ ಊದಲಾಯಿತೋ ಅವನ ಹೆಸರು. ಊದಿದವನು ಶಬ್ದದೊಳಗೇ ಕರಗಿಹೋಗಿದ್ದಾನೆ.

ಶಬ್ದವು ಊದಿದವನದಲ್ಲ, ಊದಿಸಿಕೊಂಡವನದು ಎಂಬ ಈ ಭಾವನೆ ಅರಸರ ಕಾಲದೊಂದಿಗೆ ಮುಗಿದುಹೋದುದಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಕಡೂರು ಜಿಲ್ಲೆ ಎಂದೇ ಕರೆಯಲ್ಪಡುತ್ತಿದ್ದ ಇಂದಿನ ಚಿಕ್ಕಮಗಳೂರು ಜಿಲ್ಲೆಯ ಬಯಲುಸೀಮೆಯ ಭಾಗದಲ್ಲಿ, ಕಡೂರು ತಾಲ್ಲೂಕಿನ ಪಂಚನಹಳ್ಳಿ ಹೋಬಳಿಯಂಥ ಕಡೆ, ಮದುವೆಗೆ, ತೇರಿಗೆ, ಉತ್ಸವಕ್ಕೆ ಬರುವವರನ್ನು ಜನ ಗುರುತಿಸುವುದು ‘ವಾಲಗದವರು’, ‘ತಮಟೆಯವರು’, ‘ಬ್ಯಾಂಡಿನವರು’ ಎಂದು. ಅದಕ್ಕಿಂತ ಹೆಚ್ಚಿನ ನಿಖರತೆ ಬೇಕಾದಾಗ ಊರಿನ ಹೆಸರನ್ನು ಸೇರಿಸುತ್ತಾರೆ; ಇಂಥ ಊರಿನ ವಾಲಗ ಎಂದರೆ ಸಾಕು. ಲಗ್ನಪತ್ರಿಕೆಯಲ್ಲಿ ಪುರೋಹಿತರ, ಹಿರಿಯರ, ಸುಖಾಗಮನ ಬಯಸುವ ಚಿಕ್ಕ ಮಕ್ಕಳ ಹೆಸರುಗಳೂ ಅಚ್ಚಾಗುತ್ತವೆ. ವಾದ್ಯದವರದು ಮಾತ್ರ ‘ಮಂಗಳವಾದ್ಯ’ ಎಂಬ ಒಂದೇ ಪದ. ಜಾನಪದ ಸಂಶೋಧನೆಯೂ ಈ ವಿಷಯದಲ್ಲಿ ಲಗ್ನಪತ್ರಿಕೆಗಿಂತ ಬಹಳ ಮುಂದೆ ಹೋಗಿಲ್ಲ ಎನ್ನಬೇಕಾಗುತ್ತದೆ. ವಾದ್ಯದ ಅಳತೆ, ಮರ, ಲೋಹ, ನುಡಿಸುವ ಸಮುದಾಯ, ಸಂದರ್ಭ ಇವೆಲ್ಲ ದಾಖಲಾದವು. ಒಬ್ಬ ವಾದಕನು ಎಲ್ಲಿ ಕಲಿತನು, ಯಾವ ವಯಸ್ಸಿನಲ್ಲಿ ಮುಂದಿನ ಸಾಲಿಗೆ ಬಂದನು, ಯಾವಾಗ ತುಟಿ ಸೋತು ವಾದ್ಯ ಕೆಳಗಿಟ್ಟನು ಎಂಬ ವೃತ್ತಾಂತವು ‘ಮಾಹಿತಿದಾರರ ಪಟ್ಟಿ’ಯ ಒಂದು ಸಾಲಿನಲ್ಲಿ ಅಡಗಿತು.

ಈ ಹಿನ್ನೆಲೆಯಲ್ಲಿ, ಜಗತ್ತಿನ ಇನ್ನೊಂದು ಮೂಲೆಯಲ್ಲಿ, 20ನೆಯ ಶತಮಾನದ ಆರಂಭದಲ್ಲಿ, ಊದುವ ಒಬ್ಬನಿಗೆ ಹೆಸರು ಹೇಗೆ ಬಂತು ಎಂಬುದನ್ನು ಪರಿಶೀಲಿಸುವುದು ಅಪ್ರಸ್ತುತವಾಗಲಾರದು. ಅಮೆರಿಕದ ಕಾರ್ನೆಟ್ ವಾದಕ ಹರ್ಬರ್ಟ್ ಎಲ್. ಕ್ಲಾರ್ಕ್ (1867–1945) ಇಲ್ಲಿ ವಿವೇಚನೆಗೆ ಎತ್ತಿಕೊಂಡಿರುವ ವ್ಯಕ್ತಿ. ಆತನ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಪ್ರತಿಭೆಯೊಂದೇ ಹೆಸರನ್ನು ಉಳಿಸುವುದಾಗಿದ್ದರೆ ಕನ್ನಡ ನಾಡಿನ ಎಷ್ಟೋ ಮೌರಿಯವರ, ಕಹಳೆಯವರ ಹೆಸರುಗಳು ಇಂದು ಪುಸ್ತಕಗಳಲ್ಲಿರಬೇಕಾಗಿತ್ತು. ಕ್ಲಾರ್ಕ್‌ನ ಹೆಸರು ಕಟ್ಟಲ್ಪಟ್ಟ ಹೆಸರು. ಅದನ್ನು ಕಟ್ಟಿದ ಕೈಗಳು ಯಾವುವು ಎಂಬುದೇ ಇಲ್ಲಿಯ ಪ್ರಶ್ನೆ.

ಮೊದಲು ವಾದ್ಯದ ವಿಷಯ. ಕಹಳೆ, ಕೊಂಬುಗಳಿಗೆ ರಂಧ್ರಗಳಿಲ್ಲ. ತುಟಿಯ ಬಿಗಿತವನ್ನು ಬದಲಿಸಿ ಕೊಳವೆಯ ಸಹಜ ಸ್ವರಗಳನ್ನು ಮಾತ್ರ ಹೊರಡಿಸಬಹುದು: ಆಧಾರ ಷಡ್ಜ, ಪಂಚಮ, ಮೇಲಿನ ಷಡ್ಜ, ಅದರಾಚೆಯ ಗಾಂಧಾರ. ಹೀಗಾಗಿ ಅವು ರಾಗವನ್ನು ಹೇಳುವ ವಾದ್ಯಗಳಲ್ಲ, ಸುದ್ದಿಯನ್ನು ಹೇಳುವ ವಾದ್ಯಗಳು. ದೇವರು ಹೊರಟಿತು, ದಂಡು ಬಂತು, ಬಾಗಿಲು ತೆರೆಯಿತು ಎಂದು ಸಾರುವುದು ಅವುಗಳ ಕೆಲಸ. ಯುರೋಪಿನ ಅಂಚೆಬಂಡಿಯವರು ಊದುತ್ತಿದ್ದ ಕೊಂಬಿನ ಸ್ಥಿತಿಯೂ ಇದೇ ಆಗಿತ್ತು. 1810ರ ದಶಕದಲ್ಲಿ ಜರ್ಮನಿಯಲ್ಲಿ ವಾಲ್ವಿನ ಕಲ್ಪನೆ ಹುಟ್ಟಿ, ಮುಂದಿನ ಎರಡು ದಶಕಗಳಲ್ಲಿ ಪ್ಯಾರಿಸಿನ ವಾದ್ಯ ತಯಾರಕರು ಅದನ್ನು ಅಂಚೆಕೊಂಬಿಗೆ ಅಳವಡಿಸಿದಾಗ ಕಾರ್ನೆಟ್ ರೂಪುಗೊಂಡಿತು. ಎರಡನೆಯ ವಾಲ್ವನ್ನು ಒತ್ತಿದರೆ ಧ್ವನಿ ಅರ್ಧಸ್ವರ ಇಳಿಯುತ್ತದೆ, ಮೊದಲನೆಯದರಿಂದ ಒಂದು ಸ್ವರ, ಮೂರನೆಯದರಿಂದ ಒಂದೂವರೆ ಸ್ವರ. ಈ ಮೂರರ ಕೂಡುವಿಕೆಯಿಂದ ಸಪ್ತಕದ ಹನ್ನೆರಡು ಸ್ವರಸ್ಥಾನಗಳೂ ಕೈಗೆ ಸಿಗುತ್ತವೆ. ಸುದ್ದಿ ಸಾರುತ್ತಿದ್ದ ಕೊಂಬು ಹೀಗೆ ಹಾಡುವ ವಾದ್ಯವಾಯಿತು. ಪ್ಯಾರಿಸಿನ ಸಂಗೀತ ವಿದ್ಯಾಲಯದ ಜೆ.ಬಿ. ಅರ್ಬನ್ 1864ರಲ್ಲಿ ಪ್ರಕಟಿಸಿದ ಬೃಹತ್ ಅಭ್ಯಾಸಗ್ರಂಥವು ಈ ಹೊಸ ವಾದ್ಯಕ್ಕೆ ಶಾಸ್ತ್ರದ ಸ್ಥಾನವನ್ನು ತಂದುಕೊಟ್ಟಿತು. ವಾದ್ಯವೊಂದು ಅಂಚೆಬಂಡಿಯಿಂದ ವಿದ್ಯಾಲಯಕ್ಕೆ ಬರಲು ಒಂದು ತಲೆಮಾರಿಗಿಂತ ಸ್ವಲ್ಪ ಹೆಚ್ಚು ಕಾಲ ಸಾಕಾಯಿತು ಎಂಬುದು ಗಮನಾರ್ಹ.

ಕ್ಲಾರ್ಕ್ ಹುಟ್ಟಿದ್ದು ಮ್ಯಾಸಚೂಸೆಟ್ಸ್ ರಾಜ್ಯದ ವೋಬರ್ನ್ ಎಂಬ ಊರಿನಲ್ಲಿ, 1867ರ ಸೆಪ್ಟೆಂಬರ್ 12ರಂದು. ತಂದೆ ವಿಲಿಯಂ ಹೊರೇಷಿಯೊ ಕ್ಲಾರ್ಕ್ ಚರ್ಚುಗಳಲ್ಲಿ ಆರ್ಗನ್ ನುಡಿಸುತ್ತಿದ್ದವರು. ಕುಟುಂಬವು 1880ರ ಸುಮಾರಿಗೆ ಕೆನಡಾದ ಟೊರಾಂಟೊ ನಗರಕ್ಕೆ ಹೋಯಿತು. ಸಹೋದರರೂ ಸಂಗೀತಗಾರರು. ತನ್ನ ಬಾಲ್ಯ ಮತ್ತು ಕಲಿಕೆಯ ಕಥೆಯನ್ನು ಕ್ಲಾರ್ಕ್ ತಾನೇ ಬರೆದನು. ‘ನಾನು ಕಾರ್ನೆಟ್ ವಾದಕನಾದ ಬಗೆ’ ಎಂಬ ಅರ್ಥದ ಶೀರ್ಷಿಕೆಯುಳ್ಳ ಆ ಪುಸ್ತಕಕ್ಕೆ ಇನ್ನೊಂದು ಉಪಶೀರ್ಷಿಕೆಯೂ ಇದೆ. ಅದರಲ್ಲಿ ಆತ ತನ್ನ ಆತ್ಮಕಥೆಯನ್ನು ಕಾರ್ನೆಟ್ ಊದುವ ಯಾತ್ರಿಕನೊಬ್ಬನ ಮುನ್ನಡೆ ಎಂದು ಕರೆದುಕೊಂಡಿದ್ದಾನೆ. ಜಾನ್ ಬನ್ಯನ್‌ನ ಪ್ರಸಿದ್ಧ ಧಾರ್ಮಿಕ ರೂಪಕಕಥೆಯನ್ನು ಇದು ಉದ್ದೇಶಪೂರ್ವಕವಾಗಿ ನೆನಪಿಸುತ್ತದೆ. 19ನೆಯ ಶತಮಾನದ ಮಿಷನರಿಗಳಿಂದ ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಲ್ಲಿ ಕನ್ನಡಕ್ಕೂ ಬಂದ ಕೃತಿ ಅದು.

ಉಪಶೀರ್ಷಿಕೆಯ ಈ ಆಯ್ಕೆ ಆಕಸ್ಮಿಕವಲ್ಲ. ಜಾನಪದ ಕಥೆಗಳ ವಿನ್ಯಾಸವನ್ನು ಬಲ್ಲವರು ಈ ಆತ್ಮಕಥೆಯನ್ನು ಓದಿದರೆ ಪರಿಚಿತ ಆಶಯಗಳು ಒಂದರ ಹಿಂದೊಂದು ಎದುರಾಗುತ್ತವೆ. ನಾಯಕನು ಮನೆಯ ಕಿರಿಯ. ವಾದ್ಯವು ಅಣ್ಣನದು, ಅದನ್ನು ಕದ್ದು ಅಭ್ಯಾಸ ಮಾಡಬೇಕು. ತನ್ನದೇ ವಾದ್ಯ ಕೊಳ್ಳುವ ಅನುಕೂಲವಿಲ್ಲದ್ದರಿಂದ, ವಾದ್ಯ ಸಿಗುವ ಆಸೆಯಿಂದಲೇ ಹದಿಹರೆಯದಲ್ಲಿ ಟೊರಾಂಟೊದ ಕ್ವೀನ್ಸ್ ಓನ್ ರೈಫಲ್ಸ್ ಪಡೆಯ ಬ್ಯಾಂಡಿಗೆ ಸೇರಿ, ಕಟ್ಟಕಡೆಯ ಕುರ್ಚಿಯಲ್ಲಿ ಕೂರುತ್ತಾನೆ. ದೂರದಿಂದ ದರ್ಶನ ನೀಡುವ ಗುರುವೂ ಇದ್ದಾನೆ: ಪ್ರಾವಿಡೆನ್ಸ್ ನಗರದ ಬ್ಯಾಂಡಿನ ಬೋವೆನ್ ಚರ್ಚ್. ಅವನ ವಾದನವನ್ನು ಕೇಳಿದ ಹುಡುಗನಿಗೆ ತನ್ನ ದಾರಿ ಗೊತ್ತಾಗುತ್ತದೆ. ತುಟಿ ಒಡೆಯುವುದು, ಮೇಲಿನ ಸ್ವರ ಸಿಗದಿರುವುದು, ತಪ್ಪು ಅಭ್ಯಾಸದ ವರ್ಷಗಳು ಇವೆಲ್ಲ ದಾರಿಯ ಕಷ್ಟಗಳು. ಕಡೆಗೆ ರಾಜನ ಮುಂದೆ ಪರೀಕ್ಷೆ. ಇಲ್ಲಿ ರಾಜನೆಂದರೆ ಅಮೆರಿಕದ ಅತ್ಯಂತ ಹೆಸರಾಂತ ಬ್ಯಾಂಡಿನ ನಾಯಕ ಪ್ಯಾಟ್ರಿಕ್ ಗಿಲ್ಮೋರ್. 1892ರಲ್ಲಿ ಕ್ಲಾರ್ಕ್ ಆ ಬ್ಯಾಂಡಿಗೆ ಆಯ್ಕೆಯಾಗುತ್ತಾನೆ.

ಕಥೆ ಈ ಅಚ್ಚಿನಲ್ಲಿದೆ ಎಂದಮಾತ್ರಕ್ಕೆ ಸುಳ್ಳೆಂದು ಅರ್ಥವಲ್ಲ. ಆದರೆ ಈ ಅಚ್ಚು ಕೆಲವು ಸಂಗತಿಗಳನ್ನು ಹಿನ್ನೆಲೆಗೆ ಸರಿಸುತ್ತದೆ. ಮನೆಯಲ್ಲಿ ತಂದೆಯೂ ಅಣ್ಣಂದಿರೂ ಸಂಗೀತಗಾರರಾಗಿದ್ದುದು, ಕ್ಲಾರ್ಕ್ ಪಿಟೀಲನ್ನೂ ಕಲಿತಿದ್ದುದು, ಸ್ವರಲಿಪಿಯನ್ನು ಓದುವುದು ಅಕ್ಷರ ಓದುವಷ್ಟೇ ಸಹಜವಾಗಿದ್ದುದು ಇವೆಲ್ಲ ‘ಏಕಾಂಗಿ ಯಾತ್ರಿಕ’ನ ಚಿತ್ರಕ್ಕೆ ಅಷ್ಟಾಗಿ ಹೊಂದುವುದಿಲ್ಲ. ವಾದಕನ ಮನೆತನವನ್ನು ಮರೆಮಾಡಿ ವಾದಕನೊಬ್ಬನನ್ನೇ ಮುಂದೆ ನಿಲ್ಲಿಸುವುದು ಅಮೆರಿಕದ ಆ ಕಾಲದ ಯಶೋಗಾಥೆಯ ಕ್ರಮ. ಕನ್ನಡ ನಾಡಿನ ಕ್ರಮ ಇದಕ್ಕೆ ಸರಿಯಾಗಿ ವಿರುದ್ಧ: ಇಲ್ಲಿ ಮನೆತನ, ಜಾತಿ, ಊರು ಉಳಿದು ವಾದಕನು ಮರೆಯಾಗುತ್ತಾನೆ. ಎರಡೂ ಅರ್ಧಸತ್ಯಗಳೇ.

ಗಿಲ್ಮೋರ್ 1892ರ ಸೆಪ್ಟೆಂಬರಿನಲ್ಲಿ ತೀರಿಕೊಂಡನು. ಅದೇ ವರ್ಷ ಜಾನ್ ಫಿಲಿಪ್ ಸೂಸಾ ಸೈನ್ಯದ ಬ್ಯಾಂಡನ್ನು ಬಿಟ್ಟು ಸ್ವಂತ ಬ್ಯಾಂಡನ್ನು ಕಟ್ಟಿದ್ದನು. ಕ್ಲಾರ್ಕ್ 1893ರಲ್ಲಿ ಅಲ್ಲಿಗೆ ಸೇರಿದನು. ನಡುನಡುವೆ ಬಿಟ್ಟು ಹೋದರೂ 1917ರವರೆಗಿನ ಆತನ ಜೀವನ ಮುಖ್ಯವಾಗಿ ಸೂಸಾ ಬ್ಯಾಂಡಿನದೇ. ಈ ಬ್ಯಾಂಡು ಮೆರವಣಿಗೆಯದಲ್ಲ, ಕಛೇರಿಯದು. ಜನ ಟಿಕೆಟು ಕೊಂಡು, ಕುಳಿತು ಕೇಳುತ್ತಿದ್ದರು. ಮೆರವಣಿಗೆಯ ಬ್ಯಾಂಡು ಯಾರ ಮುಂದೆಯೋ ನಡೆಯುತ್ತದೆ. ಆ ಯಾರೋ ವರನಾಗಬಹುದು, ದೇವರಾಗಬಹುದು, ಮಹಾರಾಜನಾಗಬಹುದು. ಕಛೇರಿಯ ಬ್ಯಾಂಡಿನ ಹಿಂದೆ ಯಾರೂ ಬರುವುದಿಲ್ಲ. ನೋಡಲು ಬೇರೇನೂ ಇಲ್ಲದಿರುವುದರಿಂದ ಕಣ್ಣುಗಳು ನುಡಿಸುವವನ ಮೇಲೆಯೇ ನೆಡುತ್ತವೆ. ಸೂಸಾನ ಕಾರ್ಯಕ್ರಮಗಳಲ್ಲಿ ಸಾಮಾನ್ಯವಾಗಿ ಮೂವರು ಏಕವಾದಕರು ಅಥವಾ ಗಾಯಕರಿರುತ್ತಿದ್ದರು: ಒಬ್ಬ ಕಾರ್ನೆಟ್ ವಾದಕ, ಒಬ್ಬ ಗಾಯಕಿ, ಒಬ್ಬ ಪಿಟೀಲು ವಾದಕಿ. ಮುದ್ರಿತ ಕಾರ್ಯಕ್ರಮಪಟ್ಟಿಯಲ್ಲಿ ಇವರ ಹೆಸರುಗಳು ಪ್ರತ್ಯೇಕವಾಗಿ ಕಾಣಿಸಿಕೊಳ್ಳುತ್ತಿದ್ದವು. ಊದಿದವನ ಹೆಸರು ಅಚ್ಚಿನ ಕಾಗದಕ್ಕೆ ಏರಿದ ಮೊದಲ ಮೆಟ್ಟಿಲು ಇದು. ಕ್ಲಾರ್ಕ್‌ನ ಜೊತೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಉಳಿದ ಕಾರ್ನೆಟ್ ವಾದಕರ ಹೆಸರುಗಳಿಗೆ ಆ ಭಾಗ್ಯವಿರಲಿಲ್ಲ ಎಂಬುದನ್ನೂ ಮರೆಯಬಾರದು.

1900ರಿಂದ 1905ರವರೆಗೆ ಈ ಬ್ಯಾಂಡು ನಾಲ್ಕು ಬಾರಿ ಯುರೋಪಿಗೆ ಹೋಯಿತು. 1910ರ ಡಿಸೆಂಬರಿನಲ್ಲಿ ಹೊರಟ ಜಗತ್‌ಯಾತ್ರೆಯು ಬ್ರಿಟನ್ನಿನಿಂದ ದಕ್ಷಿಣ ಆಫ್ರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡ್, ಫಿಜಿ, ಹವಾಯಿಗಳ ಮೂಲಕ 1911ರ ಕೊನೆಯ ವೇಳೆಗೆ ಅಮೆರಿಕಕ್ಕೆ ಮರಳಿತು. ಹಿಂದೂ ಮಹಾಸಾಗರವನ್ನು ದಕ್ಷಿಣದ ಅಂಚಿನಲ್ಲಿ ದಾಟಿದ ಆ ಹಡಗಿನ ದಾರಿಯಲ್ಲಿ ಭಾರತ ಇರಲಿಲ್ಲ.

ಕ್ಲಾರ್ಕ್ ತಾನೇ ರಚಿಸಿಕೊಂಡ ಏಕವಾದನ ಕೃತಿಗಳು ಈಗಲೂ ಕಾರ್ನೆಟ್ ಕಲಿಯುವವರ ಪಠ್ಯಗಳಾಗಿವೆ. ‘ಬ್ರೈಡ್ ಆಫ್ ದ ವೇವ್ಸ್’, ‘ಸೌಂಡ್ಸ್ ಫ್ರಮ್ ದ ಹಡ್ಸನ್’, ‘ದ ಡೆಬ್ಯುಟಾಂಟ್’, ‘ಸ್ಟಾರ್ಸ್ ಇನ್ ಎ ವೆಲ್ವೆಟಿ ಸ್ಕೈ’ ಇವುಗಳಲ್ಲಿ ಪ್ರಸಿದ್ಧವಾದವು. ವಿಮರ್ಶೆಯ ದೃಷ್ಟಿಯಿಂದ ನಿಷ್ಠುರವಾಗಿ ಹೇಳುವುದಾದರೆ ಇವುಗಳ ವಿನ್ಯಾಸದಲ್ಲಿ ವೈವಿಧ್ಯ ಕಡಿಮೆ. ಬ್ಯಾಂಡಿನ ಪೀಠಿಕೆ, ಏಕವಾದಕನ ತಾಳರಹಿತ ಸ್ವೈರವಿಹಾರ, ಪೋಲ್ಕಾ ಅಥವಾ ವಾಲ್ಟ್ಸ್ ನೃತ್ಯದ ಲಯದ ಒಂದು ಇಂಪಾದ ಧಾಟಿ, ಅದರ ಮೇಲೆ ಏರುತ್ತ ಹೋಗುವ ವೇಗ, ಕೊನೆಗೆ ಎಲ್ಲರೂ ಕಾದು ಕುಳಿತ ಮೇಲಿನ ಸ್ವರ. ಶೀರ್ಷಿಕೆಗಳು ಅಲೆ, ನಕ್ಷತ್ರ, ನದಿ, ಕನ್ಯೆಯರನ್ನು ಹೆಸರಿಸುತ್ತವೆಯಾದರೂ ಒಂದರ ಶೀರ್ಷಿಕೆಯನ್ನು ಇನ್ನೊಂದಕ್ಕೆ ಕೊಟ್ಟರೆ ಕೇಳುಗನಿಗೆ ನಷ್ಟವೇನೂ ಆಗುವುದಿಲ್ಲ. ಆದರೆ ಜನಪದ ಕಲೆಗಳನ್ನು ಬಲ್ಲವರು ಇದನ್ನು ದೋಷವೆಂದು ಬೇಗನೆ ಒಪ್ಪಲಾರರು. ವೀರಗಾಸೆಯ ಒಡಪುಗಳ ಕಟ್ಟೂ ನಿಶ್ಚಿತವೇ. ಕೇಳುಗನಿಗೆ ದಾರಿ ಮೊದಲೇ ಗೊತ್ತಿರುತ್ತದೆ; ನಡೆಯುವವನು ಹೇಗೆ ನಡೆಯುತ್ತಾನೆ ಎಂಬುದು ಅವನ ಕುತೂಹಲ. ಕ್ಲಾರ್ಕ್‌ನ ಕೃತಿಗಳು ಇಂಥ ದಾರಿಗಳು. ಅವನ್ನು ಸ್ವರಲಿಪಿಯಲ್ಲಿ ಓದಿ ತೂಗುವುದು ಒಡಪನ್ನು ಪುಸ್ತಕದಲ್ಲಿ ಓದಿ ತೂಗಿದಂತೆ.

ಕೃತಿಗಳಲ್ಲಿ ನಿಜವಾಗಿ ವಿಚಾರಾರ್ಹವಾದುದು ಆ ಸ್ವೈರವಿಹಾರದ ಭಾಗ. ಅಲ್ಲಿ ಐವತ್ತು ಅರವತ್ತು ಜನರ ಬ್ಯಾಂಡು ಪೂರ್ತಿ ಸುಮ್ಮನಾಗುತ್ತದೆ. ಒಬ್ಬನ ಉಸಿರು ಮಾತ್ರ ಕೇಳಿಸುತ್ತದೆ. ನಾಗಸ್ವರದ ರಾಗಾಲಾಪನೆಯಲ್ಲಿಯೂ ತವಿಲು ಸುಮ್ಮನಾಗುತ್ತದೆ, ಆದರೆ ಒತ್ತು ನಿಲ್ಲುವುದಿಲ್ಲ. ಹಿಂದಿನಿಂದ ಶ್ರುತಿಯನ್ನು ಹಿಡಿದುಕೊಟ್ಟಿರುವ ಇನ್ನೊಬ್ಬನ ಉಸಿರು ಸದಾ ಇರುತ್ತದೆ. ಒತ್ತಿನವನಿಲ್ಲದೆ ನಾಗಸ್ವರದವನಿಲ್ಲ. ಬ್ಯಾಂಡಿನ ಏಕವಾದಕನಾದರೋ ಆ ಕ್ಷಣದಲ್ಲಿ ಅಕ್ಷರಶಃ ಒಬ್ಬನೇ. ಎರಡು ಸಮಾಜಗಳು ವಾದಕನನ್ನು ಕಾಣುವ ರೀತಿಯ ವ್ಯತ್ಯಾಸ ಈ ಒಂದು ವಿವರದಲ್ಲಿ ಅಡಕವಾಗಿದೆ.

1912ರಲ್ಲಿ ಪ್ರಕಟವಾದ ‘ಟೆಕ್ನಿಕಲ್ ಸ್ಟಡೀಸ್’ ಎಂಬ ಅಭ್ಯಾಸಪುಸ್ತಕವು ಕ್ಲಾರ್ಕ್‌ನ ಶಾಶ್ವತ ಕೊಡುಗೆಯೆಂದು ಹೇಳಬಹುದು. ಅದರ ಮೊದಲ ಪಾಠವು ಅರ್ಧಸ್ವರಗಳ ಪುಟ್ಟ ಸುತ್ತು. ಅದನ್ನು ಒಂದೇ ಉಸಿರಿನಲ್ಲಿ, ಮತ್ತೆ ಮತ್ತೆ, ಅತ್ಯಂತ ಮೆಲುದನಿಯಲ್ಲಿ ನುಡಿಸಬೇಕು. ಗಟ್ಟಿಯಾಗಿ ಊದುವುದಕ್ಕೆಂದೇ ಹುಟ್ಟಿದ ವಾದ್ಯಕ್ಕೆ ಪಿಸುಮಾತನ್ನು ಕಲಿಸುವ ಈ ಕ್ರಮದಲ್ಲಿ ಒಂದು ಸೂಕ್ಷ್ಮವಾದ ತಿಳಿವಳಿಕೆಯಿದೆ: ಕಾರ್ನೆಟ್ಟಿನ ಶತ್ರು ಬಲ. ಸರಳೆ ವರಸೆ, ಜಂಟಿ ವರಸೆಗಳನ್ನು ಬಲ್ಲ ಕನ್ನಡದ ಓದುಗರಿಗೆ ಇದರ ಸ್ವರೂಪ ಬೇಗ ಹೊಳೆಯುತ್ತದೆ. ಆದರೆ ವರಸೆಗಳು ಗುರುವಿನ ಬಾಯಿಂದ ಬರುವಂಥವು. ಈ ಪುಸ್ತಕವಾದರೋ ಗುರುವನ್ನೇ ಅಂಚೆಯಲ್ಲಿ ಕಳುಹಿಸಿತು. ಕ್ಲಾರ್ಕ್‌ನನ್ನು ಎಂದೂ ನೋಡದ ವಿದ್ಯಾರ್ಥಿಗಳು ಅವನ ಶಿಷ್ಯರಾದರು. ವಾದ್ಯ ತಯಾರಿಸುವ ಹೋಲ್ಟನ್ ಕಂಪನಿಯು ಅವನ ಹೆಸರನ್ನೇ ಒಂದು ಮಾದರಿಯ ಕಾರ್ನೆಟ್ಟಿಗೆ ಇಟ್ಟಿತು. ಹೆಸರು ಕಾಗದದಿಂದ ಹಿತ್ತಾಳೆಗೆ ಹೋಯಿತು.

ಇನ್ನೊಂದು ದಾರಿ ಧ್ವನಿಮುದ್ರಿಕೆ. ಸೂಸಾನಿಗೆ ಗ್ರಾಮಫೋನು ಹಿಡಿಸದು. ಯಂತ್ರಸಂಗೀತದ ವಿಪತ್ತನ್ನು ಕುರಿತು 1906ರಲ್ಲಿ ಅವನು ಬರೆದ ಲೇಖನ ಪ್ರಸಿದ್ಧ. ಆದ್ದರಿಂದ ಬ್ಯಾಂಡಿನ ಮುದ್ರಿಕೆಗಳಿಗೆ ಬಹುತೇಕ ಬೇರೆಯವರೇ ನಿರ್ದೇಶಕರಾಗಿದ್ದರು. ಕ್ಲಾರ್ಕ್ ಅವರಲ್ಲಿ ಒಬ್ಬ. ವಿದ್ಯುತ್ ಮೈಕು ಬರುವ ಮುಂಚಿನ ಆ ಕಾಲದಲ್ಲಿ ವಾದಕನು ಒಂದು ದೊಡ್ಡ ಕೊಂಬಿನ ಬಾಯಿಗೆ ಎದುರಾಗಿ ನುಡಿಸಬೇಕಾಗಿತ್ತು. ಪಿಟೀಲು ಅಲ್ಲಿ ಸೊರಗುತ್ತಿತ್ತು, ಕಾರ್ನೆಟ್ ನೇರವಾಗಿ ನಾಟುತ್ತಿತ್ತು. ಹೀಗೆ ಯಂತ್ರದ ಮಿತಿಯೂ ಕಾರ್ನೆಟ್ಟಿನ ಪಾಲಿಗೆ ಅನುಕೂಲವಾಯಿತು. ಇದೇ ವರ್ಷಗಳಲ್ಲಿ, 1902ರಲ್ಲಿ, ಕಲ್ಕತ್ತೆಯಲ್ಲಿ ಗೌಹರ್ ಜಾನ್ ಮುದ್ರಿಕೆಗಾಗಿ ಹಾಡಿ, ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಉಚ್ಚರಿಸುತ್ತಿದ್ದರು. ತಟ್ಟೆಯ ಮೇಲೆ ಯಾರ ಧ್ವನಿ ಎಂಬುದನ್ನು ಕಂಪನಿಯು ಗುರುತಿಸಲು ಅದು ನೆರವಾಗುತ್ತಿತ್ತು ಎಂದು ಹೇಳಲಾಗುತ್ತದೆ. ಕಾರಣ ಏನೇ ಇರಲಿ, ಸಂಗೀತದ ತುದಿಯಲ್ಲಿ ಸಂಗೀತಗಾರ್ತಿಯ ಹೆಸರು ಸಂಗೀತದಷ್ಟೇ ಗಟ್ಟಿಯಾಗಿ ಕೇಳಿಸತೊಡಗಿತು. 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದ ಈ ಗಾಯಕಿ 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಕಣ್ಣುಮುಚ್ಚಿದರು.

ಕ್ಲಾರ್ಕ್‌ನ ಜೀವನದ ಉತ್ತರಾರ್ಧವನ್ನು ಪಾಶ್ಚಾತ್ಯ ಬರಹಗಾರರು ಸಾಮಾನ್ಯವಾಗಿ ಬೇಗ ದಾಟಿಬಿಡುತ್ತಾರೆ. ಜಾನಪದದ ದೃಷ್ಟಿಗೆ ಅದೇ ಹೆಚ್ಚು ಸ್ವಾರಸ್ಯವಾಗಿದೆ. 1917ರಲ್ಲಿ ಸೂಸಾನನ್ನು ಬಿಟ್ಟ ಕ್ಲಾರ್ಕ್ 1918ರಿಂದ 1923ರವರೆಗೆ ಕೆನಡಾದ ಹಂಟ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಆಂಗ್ಲೊ–ಕೆನೇಡಿಯನ್ ಲೆದರ್ ಕಂಪನಿಯ ಬ್ಯಾಂಡನ್ನು ನಡೆಸಿದನು. ಅದು ಚರ್ಮ ಹದಮಾಡುವ ಕಾರ್ಖಾನೆಯ ಬ್ಯಾಂಡು. ಕಾರ್ಖಾನೆಯ ಒಡೆಯ ಸಿ.ಒ. ಷಾ ಸ್ವತಃ ಕಾರ್ನೆಟ್ ನುಡಿಸುತ್ತಿದ್ದವನು. ಚರ್ಮದ ಕೆಲಸದವರೂ ಹೊರಗಿನಿಂದ ಕರೆತಂದ ವೃತ್ತಿಪರ ವಾದಕರೂ ಕೂಡಿ ನುಡಿಸಿದ ಈ ಬ್ಯಾಂಡು ಟೊರಾಂಟೊದ ರಾಷ್ಟ್ರೀಯ ಪ್ರದರ್ಶನದಲ್ಲಿ ಕಛೇರಿ ನೀಡುವ ಮಟ್ಟಕ್ಕೆ ಏರಿತು. ಕನ್ನಡ ನಾಡಿನಲ್ಲಿ ಚರ್ಮದ ಕೆಲಸಕ್ಕೂ ವಾದ್ಯಕ್ಕೂ ಇರುವ ಸಂಬಂಧ ಎಷ್ಟು ಹಳೆಯದು, ಎಷ್ಟು ನೋವಿನದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚರ್ಮ ಹದಮಾಡಿದ ಕೈಯೇ ತಮಟೆ ಕಟ್ಟಿತು, ತಮಟೆ ಬಡಿಯಿತು, ಮತ್ತು ಅದೇ ಕಾರಣಕ್ಕಾಗಿ ದೇವಸ್ಥಾನದ ಹೊರಗೆ ನಿಂತಿತು. ಹಂಟ್ಸ್‌ವಿಲ್‌ನಲ್ಲಿ ಚರ್ಮದ ವಾಸನೆ ವಾದಕನ ಮರ್ಯಾದೆಗೆ ಅಡ್ಡಬರಲಿಲ್ಲ. ಕೂಲಿ ಮಾತ್ರ ಒಡೆಯನ ಕೈಯಲ್ಲಿತ್ತು. ಒಡೆಯನ ಆಸಕ್ತಿ ತಗ್ಗಿದಾಗ ಬ್ಯಾಂಡೂ ಚದುರಿತು. ಮುಂದೆ 1923ರಿಂದ 1943ರವರೆಗೆ ಕ್ಲಾರ್ಕ್ ಕ್ಯಾಲಿಫೋರ್ನಿಯದ ಲಾಂಗ್ ಬೀಚ್ ಪುರಸಭೆಯ ಬ್ಯಾಂಡಿನ ನಾಯಕನಾಗಿದ್ದನು. ಟಿಕೆಟಿನಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಊರಿನ ತೆರಿಗೆಗೆ: ಒಬ್ಬನೇ ವಾದಕನು ಆಧುನಿಕ ಕಾಲದ ಮೂರು ಬಗೆಯ ಆಶ್ರಯಗಳನ್ನು ಕಂಡನು.

ಆತನ ಮಿತಿಗಳೂ ಇಷ್ಟೇ ಸ್ಪಷ್ಟ. 1921ರ ಜನವರಿಯಲ್ಲಿ ಎಲ್ಡನ್ ಬೆಂಜ್ ಎಂಬ ತರುಣನಿಗೆ ಬರೆದ ಪತ್ರದಲ್ಲಿ, ಕಾರ್ನೆಟ್ ಬಿಟ್ಟು ಟ್ರಂಪೆಟ್ ಹಿಡಿಯಬೇಡವೆಂದು ಕ್ಲಾರ್ಕ್ ಬುದ್ಧಿ ಹೇಳಿದನು. ಟ್ರಂಪೆಟ್ ಕೆಲಕಾಲದ ಪರದೇಶಿ ಗೀಳು, ಜಾಝ್ ಸಂಗೀತವು ನರಕಕ್ಕೆ ಹತ್ತಿರವಾದುದು ಎಂಬುದು ಅವನ ನಿಲುವಾಗಿತ್ತು. ಬೆಂಜ್ ಮುಂದೆ ಷಿಕಾಗೊ ಸಿಂಫನಿಯ ಪ್ರಮುಖ ಟ್ರಂಪೆಟ್ ವಾದಕನಾಗಿ, ಟ್ರಂಪೆಟ್ ತಯಾರಕನಾಗಿ ಹೆಸರು ಮಾಡಿದನು. ಕೆಲವೇ ವರ್ಷಗಳಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಕೂಡ ಕಾರ್ನೆಟ್ಟನ್ನು ಬಿಟ್ಟು ಟ್ರಂಪೆಟ್ಟನ್ನು ಎತ್ತಿಕೊಂಡನು. ತನ್ನ ವಾದ್ಯವನ್ನು ಅಷ್ಟು ಆಳವಾಗಿ ಬಲ್ಲವನು ಅದರ ಕಾಲ ಮುಗಿಯುತ್ತಿರುವುದನ್ನು ಗುರುತಿಸಲಿಲ್ಲ.

ಕ್ಲಾರ್ಕ್ ನರಕವೆಂದು ಕರೆದ ಆ ಸಂಗೀತದ ಬುಡದಲ್ಲಿಯೂ ಒಬ್ಬ ಕಾರ್ನೆಟ್ ವಾದಕನೇ ನಿಂತಿದ್ದಾನೆ ಎಂಬುದು ಇತಿಹಾಸದ ವಿನೋದ. ನ್ಯೂ ಆರ್ಲಿಯನ್ಸ್ ನಗರದ ಕರಿಯ ವಾದಕ ಬಡ್ಡಿ ಬೋಲ್ಡನ್ (1877–1931) ಕ್ಲಾರ್ಕ್‌ಗಿಂತ ಹತ್ತು ವರ್ಷ ಚಿಕ್ಕವನು. ಅವನ ಒಂದು ಧ್ವನಿಮುದ್ರಿಕೆಯೂ ಉಳಿದಿಲ್ಲ. ಪುಸ್ತಕ ಬರೆಯಲಿಲ್ಲ. ಉಳಿದಿರುವುದು ವಾದ್ಯವೃಂದದ ಒಂದು ಮಾಸಿದ ಛಾಯಾಚಿತ್ರ. 1907ರಲ್ಲಿ ಮಾನಸಿಕ ಆಸ್ಪತ್ರೆಗೆ ಸೇರಿದವನು ಸಾಯುವತನಕ ಅಲ್ಲಿಯೇ ಇದ್ದನು. ಆದರೂ ಹೆಸರು ಅಳಿಯಲಿಲ್ಲ. ಅವನು ಊದಿದರೆ ಮೈಲಿಗಟ್ಟಲೆ ದೂರ ಕೇಳಿಸುತ್ತಿತ್ತೆಂದು ಜನ ಹೇಳಿದರು. ಕ್ಷೌರಿಕನಾಗಿದ್ದನೆಂದೂ, ಊರ ಚಾಡಿಮಾತುಗಳ ಪತ್ರಿಕೆ ನಡೆಸುತ್ತಿದ್ದನೆಂದೂ ಹೇಳಿದರು. ಡೊನಾಲ್ಡ್ ಮಾರ್ಕಿಸ್ 1978ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ದಾಖಲೆಗಳನ್ನು ತಡಕಿ, ಇಂಥ ಹಲವು ಮಾತುಗಳು ಐತಿಹ್ಯಗಳೆಂದು ತೋರಿಸಿದನು. ಐತಿಹ್ಯಗಳು ಬಿದ್ದುಹೋದರೂ, ಮಾರ್ಕಿಸ್‌ಗೆ ಹುಡುಕಲು ಹೆಸರೊಂದನ್ನು ಒದಗಿಸಿದ್ದು ಆ ಐತಿಹ್ಯಗಳೇ. ಕ್ಲಾರ್ಕ್‌ನ ಹೆಸರನ್ನು ಕಾಗದ ಕಾಪಾಡಿತು, ಬೋಲ್ಡನ್‌ನ ಹೆಸರನ್ನು ಬಾಯಿ ಕಾಪಾಡಿತು. ಆದ್ದರಿಂದ ಮೌಖಿಕ ಪರಂಪರೆಯಲ್ಲಿ ವಾದಕನ ಹೆಸರು ಉಳಿಯುವುದೇ ಇಲ್ಲ ಎಂಬ ವಾದವನ್ನು ಒಪ್ಪಲಾಗದು. ವಾದಕನ ಜನರು ಅವನನ್ನು ತಮ್ಮವನೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ಸ್ಥಿತಿಯಲ್ಲಿರಬೇಕು, ಅಷ್ಟೆ.

ಮೈಸೂರಿನ ಕಡೆ ತಿರುಗಿದರೆ, ಕಾರ್ನೆಟ್ ಇಲ್ಲಿಗೂ ಬಂದಿತ್ತು. ಅರಮನೆಯು ಪಾಶ್ಚಾತ್ಯ ರೀತಿಯ ಬ್ಯಾಂಡನ್ನೂ ಕರ್ನಾಟಕ ಸಂಗೀತವನ್ನು ನುಡಿಸುವ ಬ್ಯಾಂಡನ್ನೂ ಪೋಷಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರು ಸ್ವತಃ ಹಲವು ದೇಶಿ ಮತ್ತು ಪಾಶ್ಚಾತ್ಯ ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. ಜರ್ಮನಿಯ ಆಟೊ ಷ್ಮಿಟ್ ಅರಮನೆಯ ವಾದ್ಯವೃಂದವನ್ನು ನಡೆಸಿದರು. ಬಸವಪ್ಪ ಶಾಸ್ತ್ರಿಗಳು ರಚಿಸಿದ ಸಂಸ್ಥಾನದ ನಾಡಗೀತೆ ‘ಕಾಯೌ ಶ್ರೀ ಗೌರಿ’ಯನ್ನು ದಸರೆಯಲ್ಲಿ ಬ್ಯಾಂಡು ನುಡಿಸುತ್ತಿತ್ತು. ಈ ಚರಿತ್ರೆಯನ್ನು ಹೇಳುವಾಗ ಮೊದಲು ಮಹಾರಾಜರ ಹೆಸರು, ಬಳಿಕ ನಿರ್ದೇಶಕರ ಹೆಸರು ಬರುತ್ತವೆ. ಕಾರ್ನೆಟ್ ಊದಿದವರ ಸರದಿ ಬರುವ ಹೊತ್ತಿಗೆ ಬರವಣಿಗೆಯು ಆನೆಯ ಅಂಬಾರಿಯ ಕಡೆಗೆ ಹೊರಳಿರುತ್ತದೆ. ಪಂಚಮಹಾಶಬ್ದದ ತರ್ಕವೇ ಇಲ್ಲಿ ಹಿತ್ತಾಳೆಯ ಹೊಸ ವಾದ್ಯಗಳಲ್ಲಿ ಮುಂದುವರಿಯಿತು.

ಬ್ಯಾಂಡಿನ ನಾದ ದಕ್ಷಿಣದ ಸಂಗೀತಗಾರರ ಕಿವಿಗೆ ಬೀಳಲಿಲ್ಲ ಎನ್ನುವಂತಿಲ್ಲ. ಮುತ್ತುಸ್ವಾಮಿ ದೀಕ್ಷಿತರು ಆಂಗ್ಲ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿ ನೊಟ್ಟುಸ್ವರಗಳನ್ನು ರಚಿಸಿದರು. ಮೈಸೂರು ಆಸ್ಥಾನದಲ್ಲಿದ್ದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರ ‘ಇಂಗ್ಲಿಷ್ ನೋಟು’ ಮಧುರೆ ಮಣಿ ಅಯ್ಯರ್ ಅವರ ಕಂಠದಲ್ಲಿ ಜನಪ್ರಿಯವಾಯಿತು. ಎರಡೂ ಕಡೆ ಬ್ಯಾಂಡಿನ ಧಾಟಿ ಉಳಿಯಿತು, ವಾಗ್ಗೇಯಕಾರರ ಮತ್ತು ಗಾಯಕರ ಹೆಸರಿನಲ್ಲಿ.

ಕಾರ್ನೆಟ್ಟಿನಲ್ಲಿ ಗಮಕ ಬಾರದು, ಆದ್ದರಿಂದ ಅದು ಇಲ್ಲಿ ಬೆಳೆಯಲಿಲ್ಲ ಎಂಬ ಸಾಮಾನ್ಯ ವಿವರಣೆ ಪೂರ್ತಿ ಸಮಾಧಾನ ಕೊಡುವುದಿಲ್ಲ. ತುಟಿಯಿಂದ ಸ್ವರವನ್ನು ಬಾಗಿಸುವುದು, ವಾಲ್ವನ್ನು ಅರ್ಧ ಒತ್ತಿ ಜಾರಿಸುವುದು ಸಾಧ್ಯವೆಂಬುದನ್ನು ಬೋಲ್ಡನ್‌ನ ಅನಂತರದ ಜಾಝ್ ವಾದಕರು ತೋರಿಸಿದರು. ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಮನಸೋತ ಕದ್ರಿ ಗೋಪಾಲನಾಥರು (1949–2019) ಆ ವಾದ್ಯವನ್ನೇ ಕರ್ನಾಟಕ ಸಂಗೀತಕ್ಕೆ ಒಲಿಸಿಕೊಂಡು 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. ಅವರ ತಂದೆ ನಾಗಸ್ವರ ವಾದಕರು. ಸ್ಯಾಕ್ಸೋಫೋನು ಹೀಗೆ ನಾಗಸ್ವರದ ಪೀಠಕ್ಕೆ ಬಂತು. ಕ್ಲಾರಿನೆಟ್ಟಿಗೂ ಅದೇ ದಾರಿ ಸಿಕ್ಕಿತು, ತಮಿಳುನಾಡಿನ ಎ.ಕೆ.ಸಿ. ನಟರಾಜನ್ ಅದಕ್ಕೆ ನಿದರ್ಶನ. ಇವು ಕಡ್ಡಿಯಿಟ್ಟು ಊದುವ ವಾದ್ಯಗಳು, ಮೌರಿ ಮುಖವೀಣೆಗಳ ಬಂಧುಗಳೆಂದು ಕಿವಿ ಅವನ್ನು ಗುರುತಿಸಿತು. ಕಾರ್ನೆಟ್ಟನ್ನು ಅದೇ ಕಿವಿಯು ಕಹಳೆಯ ಬಂಧುವೆಂದು ಗುರುತಿಸಿ ಕಹಳೆಯ ಜಾಗದಲ್ಲಿಯೇ ಕೂರಿಸಿತು. ಸಾರುವುದು ಅದರ ಪಾಲಿಗೆ ಬಂತು, ಹಾಡುವುದು ಬರಲಿಲ್ಲ. ಕನ್ನಡದಲ್ಲಿ ಕಾರ್ನೆಟ್ಟಿಗೂ ಟ್ರಂಪೆಟ್ಟಿಗೂ ಬೇರೆ ಬೇರೆ ಹೆಸರೇ ಹುಟ್ಟಲಿಲ್ಲ; ಎರಡೂ ತುತ್ತೂರಿಯೇ. ತುತ್ತೂರಿ ಊದುವುದೆಂದರೆ ಇನ್ನೊಬ್ಬರ ಹೊಗಳಿಕೆಯನ್ನು ಸಾರುವುದು ಎಂಬ ಅರ್ಥ ಮಾತಿನಲ್ಲಿ ನೆಲೆಯೂರಿದೆ. ಜಿ.ಪಿ. ರಾಜರತ್ನಂ ಅವರ ಮಕ್ಕಳ ಪದ್ಯದಲ್ಲಿಯೂ ಜಂಬದ ಹುಡುಗನ ತುತ್ತೂರಿ ನೀರುಪಾಲಾಗುತ್ತದೆ.

ಪಂಚನಹಳ್ಳಿಯ ಸುತ್ತಿನ ಬಯಲಿನಲ್ಲಿ ವೀರಗಾಸೆಗೆ ಸಮಾಳ, ದಿಮ್ಮು, ಮೌರಿಗಳು, ಉತ್ಸವಕ್ಕೆ ವಾಲಗ, ಮದುವೆಯ ಮೆರವಣಿಗೆಗೆ ಪಟ್ಟಣದ ಬ್ಯಾಂಡ್‌ಸೆಟ್ಟು ಎಂಬ ಹಂಚಿಕೆ ಕಳೆದ ಶತಮಾನದ ಉತ್ತರಾರ್ಧದಲ್ಲಿ ರೂಢಿಗೊಂಡಿತು. ಬ್ಯಾಂಡ್‌ಸೆಟ್ಟಿನ ಡ್ರಮ್ಮಿನ ಮೇಲೆ ಬಣ್ಣದಲ್ಲಿ ಬರೆದಿರುವುದು ಬ್ಯಾಂಡಿನ ಹೆಸರು, ಅದು ಹೆಚ್ಚಾಗಿ ದೇವರದು. ಅದರ ಕೆಳಗೆ ಊರು. ಟ್ರಂಪೆಟ್ ಊದುವವನಿಗೆ ವರ್ಷದಲ್ಲಿ ಲಗ್ನಗಳ ಕೆಲವು ತಿಂಗಳು ಬಿಡುವಿರುವುದಿಲ್ಲ, ಉಳಿದ ತಿಂಗಳು ಬೇರೆ ಕೂಲಿ. ಸಿನಿಮಾ ಹಾಡಿನ ಪಲ್ಲವಿಯನ್ನು ಅವನು ಕೇಳಿಯೇ ಕಲಿಯುತ್ತಾನೆ, ಸ್ವರಲಿಪಿ ಬೇಕಾಗುವುದಿಲ್ಲ. ಧೂಳಿನಲ್ಲಿ ನಡೆಯುತ್ತ, ಪೆಟ್ರೋಮ್ಯಾಕ್ಸಿನ ಕಾಲದಲ್ಲಿ ಅದರ ಬಿಸಿಯ ಪಕ್ಕದಲ್ಲಿ, ಈಗ ಜನರೇಟರಿನ ಸದ್ದಿನ ಎದುರಿನಲ್ಲಿ, ಗಂಟೆಗಟ್ಟಲೆ ಊದುವ ಈ ವಾದಕನ ತುಟಿಯ ತಾಳಿಕೆಯು ಕುಳಿತು ನುಡಿಸಿದ ಕ್ಲಾರ್ಕ್‌ನದಕ್ಕಿಂತ ಬೇರೆ ಬಗೆಯದು. ಮೆಲ್ಲಗೆ ಊದು ಎನ್ನುವ 1912ರ ಪಾಠವನ್ನು ಅನುಸರಿಸಲು ಮೆರವಣಿಗೆಯಲ್ಲಿ ಅವಕಾಶವಿಲ್ಲ. ಅವನ ಸಾಧನೆಯನ್ನು ಅಳೆಯಲು ಇನ್ನೊಂದು ಅಳತೆಗೋಲು ಬೇಕು. ಕ್ಷೇತ್ರಕಾರ್ಯದ ಪ್ರಶ್ನಾವಳಿಯಲ್ಲಿ ‘ವಾದ್ಯದ ಹೆಸರು’, ‘ಸಮುದಾಯದ ಹೆಸರು’ ಎಂಬ ಕಲಮುಗಳ ಪಕ್ಕದಲ್ಲಿ ಕಲಿತ ವರ್ಷ, ಕಲಿಸಿದವರು, ಜೊತೆಗೆ ಊದಿದವರು, ಮೊದಲ ಬಾರಿ ಮುಂದಿನ ಸಾಲಿನಲ್ಲಿ ನಿಂತ ಊರು, ಬಿಟ್ಟ ವರ್ಷ ಎಂಬ ಕಲಮುಗಳು ಸೇರಿದರೆ ಆ ಅಳತೆಗೋಲಿನ ಮೊದಲ ಗೆರೆಗಳು ಸಿಗುತ್ತವೆ.

ಕ್ಲಾರ್ಕ್ 1945ರ ಜನವರಿ 30ರಂದು ಲಾಂಗ್ ಬೀಚ್‌ನಲ್ಲಿ ತೀರಿಕೊಂಡನು. ತನ್ನ ಯಾತ್ರೆಯ ಕಥೆಯಲ್ಲಿ ಅವನು ಬೋವೆನ್ ಚರ್ಚ್‌ನನ್ನು ಬಿಟ್ಟಿರಲಿಲ್ಲ. ಕಾರ್ನೆಟ್ ಕಲಿಯುವವರು ಇಂದಿಗೂ ಆ ಹೆಸರನ್ನು ಕೇಳುವುದು ಹೆಚ್ಚಾಗಿ ಆ ಪುಟಗಳ ಮೂಲಕವೇ.